ಮರಿಯಯ್ಯ ತೆಳುಮಾಡಿದ ನೆತ್ತರು

ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಅಟೆಂಡರ್ ಆಗಿದ್ದ ಮರಿಯಯ್ಯ ಓದಿದ್ದು ಏಳನೇ ಕ್ಲಾಸು. ಆದರೆ ಕೆಟ್ಟುನಿಂತ ಪಂಪಿಗೆ ಅವನ ಕೈ ತಾಗಿದರೆ ಸಾಕು, ಗೊಣಗುತ್ತಲಾದರೂ ಓಡುತ್ತಿತ್ತು. ಹರೆಯದಲ್ಲಿ ಬೆಸಗರಹಳ್ಳಿಯ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು, ಪಾಕವನ್ನು ಎರಡು ಬೆರಳಲ್ಲಿ ನೋಡಿ ಬೆಲ್ಲದ ಹದ ಹೇಳುತ್ತಿದ್ದವನು. ಆ ಬೆರಳಿನ ಮೇಲೆ ಅವನಿಗೆ ಎಲ್ಲಿಲ್ಲದ ನಂಬಿಕೆ.

ಸಂಶೋಧನೆಗೆಂದು ಆ ಲ್ಯಾಬಿಗೆ ಬಂದವಳು ಮಳವಳ್ಳಿಯ ಶಾಲಿನಿ. ಹೃದಯದ ರಕ್ತನಾಳದಂಥದೇ ಒಂದು ನಾಳವನ್ನು ಸಿಲಿಕೋನಿನಲ್ಲಿ, ಆಚೆ ಬದಿ ಕಾಣುವಷ್ಟು ತಿಳಿಯಾಗಿ, ಇಬ್ಬರೂ ಸೇರಿ ಎರಕ ಹೊಯ್ದರು. ಕೊಬ್ಬು ಕಟ್ಟಿದ ಹಾಗೆ ನಡುವೆ ಒಂದು ಕಡೆ ಕಿರಿದು ಮಾಡಿದರು. ಪಂಪು ಎದೆಬಡಿತದಂತೆ ತಳ್ಳುತ್ತಿತ್ತು. ರಕ್ತದ ಬದಲು ಅಷ್ಟೇ ಮಂದವಾಗಿ ಗ್ಲಿಸರಿನ್ ಬೆರೆಸಿದ ನೀರು. ಅದರೊಳಗೆ ಹಿಟ್ಟಿಗಿಂತ ಸಣ್ಣ ಗಾಜಿನ ಕಣ. ಲೇಸರ್ ಬೆಳಕಿನಲ್ಲಿ ಆ ಕಣಗಳು ಮಿನುಗುತ್ತ ಓಡುವುದನ್ನು ಕ್ಯಾಮೆರಾ ಒಂದರ ಹಿಂದೊಂದು ಫೋಟೊ ಹಿಡಿಯುತ್ತಿತ್ತು. ಕಣ ಎಷ್ಟು ಸರಿಯಿತೆಂದು ಅಳೆದರೆ ಹರಿವು ಎಲ್ಲಿ ಜೋರು, ಎಲ್ಲಿ ಸುಳಿ ಎಂದು ತಿಳಿಯುತ್ತಿತ್ತು.

“ನಮ್ ನಾಲೆ ತೂಬು ದಾಟಿದ್ ನೀರೂ ಇಂಗೇ ಸುತ್ಕೊಳದು ಕಣಮ್ಮ,” ಎಂದ ಮರಿಯಯ್ಯ.

“ಅಂಗಾರೆ ಡಾಕ್ಟ್ರೇಟು ನಿಮ್ಗೇ ಕೊಡ್ಸನ ಬುಡಿ ಮರಿಯಣ್ಣ. ನಾನು ಪಂಪು ಒರುಸ್ಕೊಂಡು ಇರ್ತೀನಿ.”

ಧನುರ್ಮಾಸದ ಒಂದು ಚಳಿ ಬೆಳಗ್ಗೆ, ಶಾಲಿನಿ ಬರುವ ಮೊದಲು, ಮರಿಯಯ್ಯ ಪಂಪಿಗೆ ಗ್ಲಿಸರಿನ್ ನೀರು ಹೋಗುವ ತೊಟ್ಟಿಗೆ ಬೆರಳದ್ದಿ ನೋಡಿದ. ಮಂದ ಅನ್ನಿಸಿತು. ನೀರು ಆವಿಯಾಗಿ ಪಾಕ ಏರಿದೆ ಎಂದುಕೊಂಡು ಚೊಂಬಿನಲ್ಲಿ ನೀರು ಹೊಯ್ದು ಕಲಕಿದ. ಮತ್ತೆರಡು ಬೆಳಗ್ಗೆಯೂ ಹೊಯ್ದ. ಗ್ಲಿಸರಿನ್ ಚಳಿಗೆ ತಾನಾಗಿ ಮಂದವಾಗಿ, ಹೊತ್ತೇರಿದರೆ ಹದಕ್ಕೆ ಬರುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ.

ಅಲ್ಲಿಂದಾಚೆಗೆ ಒಂದು ಅಳತೆಯೂ ತಾಳೆಯಾಗಲಿಲ್ಲ. ದ್ರವ ತೆಳುವಾಗಿದ್ದರಿಂದ, ಕಿರಿದಾದ ಜಾಗ ದಾಟಿದ ಹರಿವು ಇರಬೇಕಾದ್ದಕ್ಕಿಂತ ಹೆಚ್ಚು ಕದಡುತ್ತಿತ್ತು. ಶಾಲಿನಿ ಲೇಸರ್ ಬಿಚ್ಚಿ ಕಟ್ಟಿದಳು, ಊಟ ಬಿಟ್ಟು ಕೂತಳು.

“ತೊಟ್ಟಿಗೇನೂ ಆಕಿಲ್ವಲ್ಲ ಮರಿಯಣ್ಣ?” ಎಂದು ಒಮ್ಮೆ ಕೇಳಿದಳು.

ಅಷ್ಟರಲ್ಲಿ ಅವನಿಗೇ ಅನುಮಾನ ಹುಟ್ಟಿತ್ತು. “ನನ್ನೇ ಕೇಳ್ತೀಯಲ್ಲವ್ವ,” ಎಂದು ಮುಖ ಗಂಟಿಕ್ಕಿದ. ಅವಳು ನಂಬಿದಳು, ದ್ರವವನ್ನು ಪರೀಕ್ಷಿಸಲೇ ಇಲ್ಲ. ಮೂರು ತಿಂಗಳ ದುಡಿಮೆ ಮೂಲೆಗೆ ಬಿತ್ತು. ಲ್ಯಾಬಿನವರು ಲೇಸರೇ ಸರಿಯಿಲ್ಲ ಎಂದರು, ಅವಳ ಕೈಯೇ ಸರಿಯಿಲ್ಲ ಎಂದೂ ಅಂದರು. ಅವಳು ಸಂಶೋಧನೆ ಬಿಟ್ಟು ಮಳವಳ್ಳಿಯ ಪಿಯು ಕಾಲೇಜಿನಲ್ಲಿ ಪಾಠಕ್ಕೆ ಸೇರಿದಳು. ತೊಟ್ಟಿಯನ್ನು ಮೋರಿಗೆ ಬಗ್ಗಿಸಿದವನೂ ಮರಿಯಯ್ಯನೇ.

ನಿವೃತ್ತಿಯಾದ ಮೇಲೆ, ನಾಲ್ಕು ವರ್ಷ ನುಂಗಿಕೊಂಡಿದ್ದನ್ನು ಅವಳ ಕಾಲೇಜಿಗೇ ಹೋಗಿ ಹೇಳಿದ. ಬೈದರೆ ಹಗುರಾಗುತ್ತಿತ್ತು. ಶಾಲಿನಿ ಬೈಯಲಿಲ್ಲ.

“ಎಷ್ಟು ನೀರು ಉಯ್ದ್ರಿ?” ಎಂದಳು, ಆತುರದಿಂದ. “ಫೋಟೊ ಎಲ್ಲ ನನ್ತಾವೇ ಅವೆ. ಎಷ್ಟು ಅಂತ ಗೊತ್ತಾದ್ರೆ ಆ ಅಳತೆನೆಲ್ಲ ಈಗ್ಲೂ ಸರಿಮಾಡ್ಬೋದು.”

ಮರಿಯಯ್ಯ ಕಣ್ಣು ಮುಚ್ಚಿ ನೆನೆಸಿಕೊಂಡ. ಚೊಂಬು ತುಂಬಿತ್ತೋ, ಮುಕ್ಕಾಲೋ? ಎರಡನೇ ದಿನ ಒಂದೋ, ಎರಡೋ?

“ತಿಳೀದು ಕಣವ್ವ. ಬೆರಳ ಅಂದಾಜು.”

“ಅವತ್ತೇ ಯೋಳಿದ್ರೆ ತೊಟ್ಟೀಲಿ ಇದ್ದುದ್ನೇ ಅಳೀತಿದ್ದೆ,” ಎಂದಳು ಶಾಲಿನಿ. ಆಮೇಲೆ ಒಂದು ಹಾಳೆ ಮುಂದಿಟ್ಟಳು. “ಆ ಲೇಸರ್ನ ಇವತ್ತೂ ಯಾರೂ ಮುಟ್ತಿಲ್ವಂತೆ. ಅದ್ರ ತಪ್ಪಲ್ಲ ಅಂತಾನಾರ ಬರ್ಕೊಡಿ. ಯಾವ ದಿನ, ಯಾರು, ಎಷ್ಟು.”

ಅವನು ದಿನ ಬರೆದ. ತನ್ನ ಹೆಸರು ಬರೆದ. ‘ಎಷ್ಟು’ ಎಂಬುದರ ಮುಂದೆ ಪೆನ್ನು ಬಹಳ ಹೊತ್ತು ನಿಂತಿತು. ಆಮೇಲೆ ‘ಅಳೆಯಲಿಲ್ಲ’ ಎಂದು ಬರೆದು ಸಹಿ ಹಾಕಿದ.