ಅಂಗಳದ ಚೆಕ್‌ಪೋಸ್ಟ್

ಶಾಂತಿ ಕಾಯಲು ಪರದೇಶಕ್ಕೆ ಹೋಗುವ ಸೈನಿಕರು ಈಗ ಕಣ್ಣಿಗೆ ಡಬ್ಬಿಯಂಥ ಕನ್ನಡಕ ಕಟ್ಟಿಕೊಂಡು ತರಬೇತಿ ಪಡೆಯುತ್ತಾರಂತೆ. ಅದರೊಳಗೆ ಒಂದು ಊರು, ರಸ್ತೆ, ಅಳುವ ಹೆಂಗಸರು ಎಲ್ಲ ಎದುರಿಗೇ ಇದ್ದಂತೆ ಕಾಣುವುದಂತೆ. ಪತ್ರಿಕೆಯಲ್ಲಿ ಚಿತ್ರ ನೋಡಿದಾಗ ನನಗೆ ದೊಡ್ಡಬಳ್ಳಾಪುರದ ನಮ್ಮ ಅಂಗಳ ನೆನಪಾಯಿತು. ತೊಂಬತ್ತರ ದಶಕದಲ್ಲಿ ಆ ಅಳುವ ಹೆಂಗಸು ನಾನಾಗಿದ್ದೆ.

ನಮ್ಮ ಯಜಮಾನರು ಸೈನ್ಯದಲ್ಲಿ ಹವಾಲ್ದಾರರು. ವರ್ಷಕ್ಕೊಮ್ಮೆ ರಜೆಗೆ ಬರುವರು. ಆ ಸಲ ಬಂದಾಗ ಮುಖ ಸಪ್ಪಗಿತ್ತು. ಆಫ್ರಿಕಾಕ್ಕೆ ಹೊರಟಿದ್ದ ಶಾಂತಿಪಡೆಗೆ ಹೆಸರು ಕೊಟ್ಟಿದ್ದರು. ಕ್ಯಾಂಪಿನಲ್ಲಿ ಹುಸಿ ಚೆಕ್‌ಪೋಸ್ಟ್ ಕಟ್ಟಿ, ಜವಾನರಿಗೇ ಹಳ್ಳಿಯವರ ವೇಷ ಹಾಕಿಸಿ ಪರೀಕ್ಷೆ ಮಾಡಿದ್ದರಂತೆ. ಇವರು ಇಂಗ್ಲಿಷ್ ಬಾರದೆ ತಡವರಿಸಿ, ಕೊನೆಗೆ ಕೂಗಾಡಿ ಫೇಲಾಗಿದ್ದರು. ರಜೆ ಮುಗಿದ ಮೇಲೆ ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಬೆಂಗಳೂರಿನಲ್ಲಿ ಉಗ್ರಾಣದ ಕೆಲಸ. ದಿನಾ ಸಂಜೆ ಬಸ್ಸು ಹತ್ತಿ ಮನೆಗೆ ಬರಬಹುದಾದ ಕೆಲಸ. ಅದನ್ನು ಅವರು ಶಿಕ್ಷೆಯೆಂಬಂತೆ ಹೇಳಿದರು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

"ಕಾನ್ವೆಂಟಲ್ಲಿ ಓದಿದ್ದೀಯಲ್ಲ, ನೀನೇ ಹೇಳ್ಕೊಡು" ಅಂದರು.

ಒಂದೇ ಪದದಲ್ಲಿ ಉತ್ತರ ಹೇಳಿದರೆ ನಮ್ಮ ಸಿಸ್ಟರ್‌ಗಳು ಒಪ್ಪುತ್ತಿರಲಿಲ್ಲ, ಪೂರ್ತಿ ವಾಕ್ಯವೇ ಬೇಕು. ನಾನೂ ಇವರಿಗೆ ಹಾಗೇ ಕಲಿಸಿದೆ. ಅವರು ರಂಗೋಲಿ ಪುಡಿ ತೆಗೆದುಕೊಂಡು ಅಂಗಳಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದರು. ಅದೇ ಚೆಕ್‌ಪೋಸ್ಟ್. ನಾನು ಹಳ್ಳಿಯ ಹೆಂಗಸಾಗಿ ಚೀಲ ಹಿಡಿದು ಬಂದು, ಗೆರೆಯ ತುದಿ ಸುತ್ತಿಕೊಂಡು ಆಚೆ ಹೋದೆ.

"ತುಳ್ಕೊಂಡು ಬಾರೇ. ಅಲ್ಲಿಯೋರಿಗೆ ರಂಗೋಲಿ ಗೊತ್ತಾ?"

ಕಾಲು ಏಳಲಿಲ್ಲ. ಪಕ್ಕದ ಮನೆಯ ನೇಕಾರರ ಹೆಂಗಸು ಬೇಲಿಯಾಚೆಯಿಂದ ನೋಡಿ, ಕಾನ್ವೆಂಟಿನೋರ ರಂಗೋಲಿ ಅಂದ್ರೆ ಒಂದೇ ಗೆರೆನಾ ಎಂದು ನಕ್ಕು ಹೋದರು.

ಮೊದಲ ವಾರ ನಿಜವಾಗಿಯೇ ಕಲಿಸಿದೆ. ಆಮೇಲೆ ಮನಸ್ಸಿನಲ್ಲಿ ಬೇರೆ ಆಸೆ ಹುಟ್ಟಿತು. ಚೀಲ ತೋರಿಸದೆ ಸತಾಯಿಸುತ್ತಿದ್ದೆ, ಕೇಳಿದ್ದೊಂದಕ್ಕೆ ಇನ್ನೊಂದು ಹೇಳುತ್ತಿದ್ದೆ. ಸಿಟ್ಟು ಬರಲಿ, ಕೂಗಲಿ, ಫೇಲಾಗಿ ಇಲ್ಲೇ ಉಳಿಯಲಿ ಎಂದು. ಎರಡು ಸಲ ಕೂಗಿದರು. ಆಮೇಲೆ ಜಗಲಿಯ ಮೇಲೆ ಕೂತು ಬೂಟಿನ ಲೇಸನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದರು. ಅದನ್ನು ನೋಡಿದರೆ ನನಗೇ ಸಂಕಟ.

ರಜೆಯ ಕೊನೆಯ ದಿನ ಗೆರೆಯ ಮುಂದೆ ಕೂತುಬಿಟ್ಟೆ. ನನ್ನ ಗಂಡ ಮನೆಯಲ್ಲಿ ಇರುವುದೇ ಇಲ್ಲ, ಹುಡುಕಿಕೊಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತಾ ಕಣ್ಣು ತುಂಬಿತು. ಅವರು ಕೂಗಲಿಲ್ಲ. ಗೆರೆಯಾಚೆ ಮೊಣಕಾಲೂರಿ, ಎರಡೂ ಕೈ ಕಾಣುವಂತೆ ಇಟ್ಟುಕೊಂಡು ಮೆತ್ತಗೆ ಕೇಳಿದರು.

"ಯುವರ್ ಹಸ್ಬೆಂಡ್ಸ್ ನೇಮ್, ಮೇಡಂ?"

ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಮದುವೆಯ ದಿನ ಎಲ್ಲರ ಒತ್ತಾಯಕ್ಕೆ ಒಮ್ಮೆ ಹೇಳಿದ್ದು, ಅಷ್ಟೇ. ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಅವರು ಕಾದರು. ಮೀಸೆಗೆ ಅಂಟಿದ್ದ ರಂಗೋಲಿ ಪುಡಿ ಕಾಣುವಷ್ಟು ಹತ್ತಿರದಲ್ಲಿದ್ದರು. ಅಷ್ಟು ಹೊತ್ತು ನನ್ನ ಮುಖವನ್ನೇ ನೋಡುತ್ತಾ ಅವರು ಕೂತದ್ದು ಅದೇ ಮೊದಲು.

ಆಮೇಲೆ ಎದ್ದು ಪ್ಯಾಂಟು ಕೊಡವಿಕೊಂಡರು.

"ಚೆನ್ನಾಗಿ ಮಾಡ್ದೆ ಕಣೇ. ನಿಜವಾಗ್ಲೂ ಅತ್ತಂಗೇ ಇತ್ತು. ಈ ಸಲ ಪಾಸಾಗ್ತೀನಿ."

ಪಾಸಾದರು. ಹಡಗು ಹತ್ತುವ ಮೊದಲು ಬರೆದ ಇನ್‌ಲ್ಯಾಂಡ್ ಪತ್ರದಲ್ಲಿ ಅದೊಂದೇ ಸುದ್ದಿ. ಓದಿ, ಮಡಿಸಿ, ಅಂಗಳಕ್ಕೆ ಬಂದೆ. ಪಕ್ಕದ ಮನೆಯಲ್ಲಿ ಮಗ್ಗಗಳು ಓಡುತ್ತಿದ್ದವು. ಆ ಸದ್ದಿನಲ್ಲಿ ಏನು ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ. ಗೆರೆ ಇದ್ದ ಜಾಗದಲ್ಲಿ ನಿಂತು, ನನ್ನ ಗಂಡನ ಹೆಸರು ಇಂಥದ್ದು ಎಂದು ಇಂಗ್ಲಿಷಿನಲ್ಲಿ, ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಿದೆ.