ಬಿಯರ್ ಬಾಟಲಿಗಳ ಮಡಿ

ಗೆಳೆಯರೇ, ಇಂಟರ್ನೆಟ್ಟಿಗೆ ಬೇಕಾದ ಫೋನ್ ಲೈನ್ ಖಾಲಿ ಇರುವಾಗಲೇ ಇದನ್ನು ಬರೆದು ಮೇಲ್ ಮಾಡಿಬಿಡುತ್ತೇನೆ. ಇವತ್ತು ಬೆಳಗ್ಗೆಯಿಂದ ಈ ಏಪೆಕ್ಸ್ ಊರಿನ ನಮ್ಮ ಅಡುಗೆಮನೆಗೆ ನನಗೇ ಪ್ರವೇಶವಿರಲಿಲ್ಲ. ನನ್ನ ಗಂಡ ರಾಘು ಮನೆಯಲ್ಲೇ ಮಾಡಿದ ಬಿಯರನ್ನು ಬಾಟಲಿಗೆ ತುಂಬುವವನಿದ್ದ. ಬಾಟಲಿಗಳನ್ನು ಬ್ಲೀಚ್ ನೀರಿನಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಡಿಶ್‌ವಾಷರಿನೊಳಗೆ ಬೋರಲು ಹಾಕಿದ್ದ. ನಾನು ಪಕ್ಕದಲ್ಲಿದ್ದ ಕಾಫಿ ಲೋಟಕ್ಕೆ ಕೈ ಚಾಚಿದೆ.

"ಮುಟ್ಬೇಡ! ಎಲ್ಲಾ ಸ್ಟೆರಿಲೈಸ್ ಮಾಡಿದೀನಿ!" ಎಂದು ಕೂಗಿದ.

ಮೈಸೂರಿನಿಂದ ಬಂದಿರುವ ಅತ್ತೆ ಊಟದ ಮೇಜಿನ ಹತ್ತಿರ ಹೂಬತ್ತಿ ಹೊಸೆಯುತ್ತಿದ್ದರು. "ನಾನು ಮಡೀಲಿದೀನಿ, ಮುಟ್ಬೇಡ ಅಂದ್ರೆ ನಗ್ತಿದ್ದೆ ಕಣೋ ನೀನು," ಎಂದರು.

"ಅಮ್ಮಾ, ಅದು ಬೇರೆ. ಇದು ಸೈನ್ಸ್. ಒಂಚೂರು ಬ್ಯಾಕ್ಟೀರಿಯಾ ಸೇರಿದ್ರೂ ಪೂರ್ತಿ ಬ್ಯಾಚ್ ಹುಳಿ ಆಗುತ್ತೆ."

ಅತ್ತೆ ಇನ್ನೊಂದು ಬತ್ತಿ ಹೊಸೆದರು. ರಾಘು ಬಕೆಟ್ಟಿನ ಬಿಯರಿಗೆ ಪ್ಲಾಸ್ಟಿಕ್ ಪೈಪ್ ಇಳಿಬಿಟ್ಟ. ಬಿಯರ್ ತಾನಾಗಿ ಹರಿಯಲಿಲ್ಲ. ಪೈಪಿನ ಇನ್ನೊಂದು ತುದಿಯನ್ನು ಬಾಯಿಗಿಟ್ಟು ಜೋರಾಗಿ ಎಳೆದ. ಹರಿಯತೊಡಗಿದ ಕೂಡಲೇ ಅದೇ ತುದಿಯನ್ನು ಮೊದಲ ಬಾಟಲಿಗೆ ತೂರಿಸಿದ.

"ಥೂ, ಎಂಜಲು!" ಎಂದು ಅತ್ತೆ ಎದ್ದೇ ಬಿಟ್ಟರು. "ಬೆಳಗ್ಗಿಂದ ತೊಳೆದಿದ್ದೆಲ್ಲಾ ದಂಡ!"

ರಾಘು ಪೈಪ್ ನೋಡಿದ, ಬಾಟಲಿ ನೋಡಿದ. ಸೈನ್ಸ್ ಮತ್ತೆ ಬ್ಲೀಚ್ ಡಬ್ಬಿಗೆ ಕೈ ಚಾಚಿತು.

ಈಗ ಪೈಪೂ ಆ ಬಾಟಲಿಯೂ ಮತ್ತೆ ಬ್ಲೀಚ್ ನೀರಿನಲ್ಲಿವೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಉಳಿದ ಬಾಟಲಿಗಳನ್ನು ಕಾಯುತ್ತಿದ್ದಾರೆ. ನನಗೆ ಪ್ರವೇಶ ಸಿಕ್ಕಿದೆ, ಅವರ ಮಗನಿಗಿಲ್ಲ. ಅವನು ಬಿಯರ್ ಕುಡಿಯುವ ಬಗ್ಗೆ ಮಾತ್ರ ಅವರು ಇನ್ನೂ ಒಂದು ಮಾತೂ ಆಡಿಲ್ಲ.