ಕತ್ತರಿ ಅಕ್ಕ ಕೊಟ್ಟ ನಾಲ್ಕು ಮತ್ತು ಎರಡು

ಶರ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಮೂರನೇ ಲೈನಿನವರಿಗೆಲ್ಲ ಅವಳು ಕತ್ತರಿ ಅಕ್ಕ. ಆ ಹೆಸರಿನ ಅರ್ಧ ಕೀರ್ತಿ ಕೊರಳಿಗೆ ನೇತುಹಾಕಿಕೊಂಡ ನೂಲು ಕತ್ತರಿಸುವ ಪುಟ್ಟ ಕತ್ತರಿಗೆ, ಇನ್ನರ್ಧ ಅವಳ ಬಾಯಿಗೆ. ಹದಿನೆಂಟು ವರ್ಷ ಮೆಷಿನ್ನಿನ ಮುಂದೆ ಕೂತವಳು ಈಗ ನಾಲ್ಕು ವರ್ಷದಿಂದ ಸೂಪರ್‌ವೈಸರ್.

ನಡುವೆ ಒಂದು ಸಲ ಕೆಲಸ ಹೋಗಿತ್ತು. ಶೌಚಾಲಯಕ್ಕೆ ಹೋಗಲೂ ಚೀಟಿ ತೆಗೆದುಕೊಳ್ಳಬೇಕು ಎಂಬ ನಿಯಮ ಬಂದಾಗ, ಚೀಟಿಯನ್ನು ನಾಲ್ಕು ಚೂರು ಮಾಡಿ ಮ್ಯಾನೇಜರನ ಮೇಜಿನ ಮೇಲಿಟ್ಟವಳು ಅವಳೇ. ಸಂಜೆಯೇ ಗೇಟಿನ ಹೊರಗೆ ಹಾಕಿದರು. ಮರುದಿನ ಲೈನಿನ ಮೂವತ್ತೆರಡು ಹೆಂಗಸರೂ ಹೊತ್ತಿಗೆ ಸರಿಯಾಗಿ ಬಂದು ಮೆಷಿನ್ನಿನ ಮುಂದೆ ಕೂತರು. ಕೈ ಮಾತ್ರ ಮಡಿಲಲ್ಲಿತ್ತು. ಘೋಷಣೆಯಿಲ್ಲ, ಬಾವುಟವಿಲ್ಲ. ಐದನೇ ದಿನ ಅವಳನ್ನು ಒಳಗೆ ಕರೆದರು, ಚೀಟಿಯೂ ಕಸದ ಬುಟ್ಟಿಗೆ ಹೋಯಿತು. ಆ ಐದು ದಿನದ ಮಾತೆತ್ತಿದರೆ ಕತ್ತರಿ ಅಕ್ಕನ ಬಾಯಿ ಇವತ್ತಿಗೂ ಮೆತ್ತಗಾಗುತ್ತದೆ. "ನಾನು ತಿನ್ನೋ ಒಂದೊಂದು ತುತ್ತಲ್ಲೂ ಮೂವತ್ತೆರಡು ಜನರ ಕೈ ಇದೆ" ಎನ್ನುತ್ತಾಳೆ. ಹಾಗೆಂದು ಆ ಮೂವತ್ತೆರಡು ಜನರನ್ನು ಬಯ್ಯುವುದನ್ನೇನೂ ಬಿಟ್ಟಿಲ್ಲ.

ಅವಳ ಗಂಡ ಬಾಡಿಗೆ ವ್ಯಾನ್ ಓಡಿಸುತ್ತಿದ್ದ. ಹಿಂದಿನ ವರ್ಷ ವ್ಯಾನಿನ ತಲೆಯ ಮೇಲೆ ಸಾಮಾನು ಕಟ್ಟುವಾಗ ಕೆಳಗೆ ಬಿದ್ದು ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಒಳಗೆ ಕಬ್ಬಿಣ ಕೂರಿಸಿ, ಆರು ತಿಂಗಳು ಅಲುಗಾಡಬೇಡ ಎಂದರು ಡಾಕ್ಟರು. ಬಾಗಿಲ ಪಕ್ಕದ ಮಂಚದಲ್ಲಿ ಬಿದ್ದುಕೊಂಡು ಹೋಗಿ ಬರುವವರ ಚಪ್ಪಲಿ ಎಣಿಸುತ್ತಿದ್ದವನಿಗೆ ಅವನ ತಂಗಿಯ ಮಗಳು ಒಂದು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟಳು. "ಮಾವ, ಈ ಡಬ್ಬದಲ್ಲಿ ಓಡೋ ಆಟ ಇದೊಂದೇ" ಎಂದಳು. ಅದು ಬೇಸ್‌ಬಾಲ್. ಆ ಬೀದಿಯಲ್ಲಿ ಬೇಸ್‌ಬಾಲ್ ದಾಂಡನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಆದರೆ ಇದರಲ್ಲಿ ಹೊಡೆಯುವುದೂ ಇಲ್ಲ, ಓಡುವುದೂ ಇಲ್ಲ. ಆಟಗಾರರನ್ನು ಆರಿಸಿ, ಯಾರು ಎಲ್ಲಿ ನಿಲ್ಲಬೇಕೆಂದು ಹೇಳಿದರೆ ಸಾಕು. ಆಟವನ್ನು ಕಂಪ್ಯೂಟರ್ ತಾನೇ ಆಡಿ ಸೋಲು ಗೆಲುವು ಹೇಳುತ್ತದೆ. ಕಾಲು ಮುರಿದವನಿಗೆ ಹೇಳಿ ಮಾಡಿಸಿದ ಹಾಗಿತ್ತು.

ಪ್ರತಿ ಆಟಗಾರನ ಮುಂದೆ ಎರಡು ಅಂಕಿ. ಇವತ್ತು ಅವನ ಕೈಲಿ ಎಷ್ಟಾಗುತ್ತದೆ ಎಂಬುದು ಮೊದಲನೆಯದು, ಮುಂದೆ ಎಷ್ಟಾದೀತು ಎಂಬುದು ಎರಡನೆಯದು. ಗಂಡ ತನ್ನ ಶಾಲೆಯ ಲೆಕ್ಕವನ್ನೇ ಇಲ್ಲಿಗೂ ತಂದ. ನೂರಕ್ಕೆ ಐವತ್ತು ತಗೊಂಡವನು ತನಗ್ಯಾಕೆ ಎಂದುಕೊಂಡು ಐವತ್ತರವರನ್ನೆಲ್ಲ ಮನೆಗೆ ಕಳಿಸಿ, ಎರಡನೇ ಅಂಕಿ ಎಪ್ಪತ್ತೈದು ಇದ್ದ ಹತ್ತೊಂಬತ್ತು ವರ್ಷದವರನ್ನು ತುಂಬಿಕೊಂಡ. ಆಟದೊಳಗಿನ ಆ ವರ್ಷ ನೂರ ಅರವತ್ತೆರಡು ಪಂದ್ಯದಲ್ಲಿ ನೂರ ಹದಿನೆಂಟು ಸೋತ.

ನೋಡಲು ಬಂದ ತಂಗಿಯ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಾವ, ಇದು ನೂರಕ್ಕಲ್ಲ. ಇಪ್ಪತ್ತಕ್ಕೆ ಶುರು, ಎಂಬತ್ತಕ್ಕೆ ಮುಗೀತು. ಐವತ್ತು ಅಂದ್ರೆ ದೊಡ್ಡ ಲೀಗಲ್ಲಿ ದಿನಾ ಆಡೋ ಗಟ್ಟಿ ಆಳು. ಅವರನ್ನೆಲ್ಲ ಬೀದಿಗೆ ಹಾಕಿ ಮೀಸೆ ಬರದವರನ್ನ ಕಟ್ಕೊಂಡಿದೀರಲ್ಲ!"

"ನಿಮ್ಮಂಥ ಮಾಲೀಕ ನಮಗೆ ಸಿಕ್ಕಿದ್ರೆ ಗೇಟ್ ಮುಂದೆ ಟೆಂಟ್ ಹಾಕ್ತಿದ್ದೆ" ಎಂದಳು ಕತ್ತರಿ ಅಕ್ಕ. ಬಿದ್ದಾಗಿನಿಂದ ಮುಖ ಸಪ್ಪೆ ಮಾಡಿಕೊಂಡಿದ್ದ ಗಂಡ ಅವತ್ತು ಜೋರಾಗಿ ನಕ್ಕ. ಅದೊಂದಕ್ಕೇ ಅವಳು ಆ ಡಬ್ಬಕ್ಕೆ ಮನಸ್ಸಿನಲ್ಲೇ ಕೈ ಮುಗಿದಿದ್ದಳು.

ಹೀಗಿರುವಾಗ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದ. ಬಂದವನೇ ಒಂದು ಫಾರಂ ಹೊರಡಿಸಿದ. ಮೂರು ತಿಂಗಳು ಮುಗಿಸುತ್ತಿದ್ದ ಒಂಬತ್ತು ಹೊಸಬರಿಗೆ ಸೂಪರ್‌ವೈಸರ್ ಅಂಕ ಹಾಕಬೇಕು. ಒಂದು ಚೌಕದಲ್ಲಿ ಈಗಿನ ಸಾಮರ್ಥ್ಯ, ಇನ್ನೊಂದರಲ್ಲಿ ಬೆಳೆಯುವ ಸಾಧ್ಯತೆ, ಹತ್ತತ್ತು ಅಂಕ. ಎರಡೂ ಸೇರಿ ಹತ್ತು ದಾಟದಿದ್ದರೆ ಅವರು ಸೋಮವಾರದಿಂದ ಬರಬೇಕಿಲ್ಲ. ಕೊಡಲು ಶುಕ್ರವಾರ ಕಡೆಯ ದಿನ.

ಸೋಮವಾರ ಸಂಜೆ ಕತ್ತರಿ ಅಕ್ಕ ತರಕಾರಿ ಹೆಚ್ಚುತ್ತ, ನಡುನಡುವೆ ಕೈ ಒರೆಸಿಕೊಂಡು ಅಂಕ ಹಾಕಿದಳು. ಗಂಡ ಕಾಗದ ಎಳೆದುಕೊಂಡ.

"ಅರೆ, ಇದು ನನ್ನ ಆಟ ಕಣೇ! ಯಾರಿದು, ನಾಲ್ಕು ಮತ್ತೆ ಎರಡು?"

"ಕಂಡಕ್ಟರಮ್ಮ. ಕಾಲರ್ ಹೊಲಿಯೋಕೆ ಕೂರ್ಸಿದೀನಿ. ಬೇರೆಯವರು ಮೂರು ಮುಗಿಸೋ ಹೊತ್ತಿಗೆ ಅವಳದು ಒಂದು."

ಕಂಡಕ್ಟರಮ್ಮ ಹದಿನೈದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಕಂಪನಿ ಮುಚ್ಚಿತು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ದುಡಿಯುವವಳು ಇವಳೊಬ್ಬಳೇ. ವಯಸ್ಸು ನಲವತ್ತೊಂದು. ಇಲ್ಲಿಂದ ತೆಗೆದರೆ ಬೇರೆ ಯಾವ ಕಾರ್ಖಾನೆಯೂ ಆ ವಯಸ್ಸಿನ ಹೊಸಬಳನ್ನು ಒಳಗೆ ಬಿಡುವುದಿಲ್ಲ.

"ಎರಡು ಹಾಕಿದ್ದು ವಯಸ್ಸಿಗಾ?" ಗಂಡ ಕೇಳಿದ.

"ಮತ್ತೆ? ನಿಮ್ಮ ಆಟದಲ್ಲೂ ವಯಸ್ಸಾದೋರಿಗೆ ಎರಡನೇ ಅಂಕಿ ಏರಲ್ಲ ತಾನೆ?"

"ಏರಲ್ಲ. ಅವರು ಹುಟ್ಟಿದಾಗಿಂದ ಅದೇ ಬಾಲ್ ಹೊಡೀತಿರೋರು. ಇವಳು ಮೆಷಿನ್ ಮುಟ್ಟಿ ಮೂರು ತಿಂಗಳು." ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ಇವನನ್ನ ನೋಡು. ಮೊದಲನೇ ಬೇಸ್ ಅನ್ನೋ ಜಾಗದಲ್ಲಿ ನಿಲ್ಲಿಸಿದ್ರೆ ಮೂವತ್ತೈದು, ಶುದ್ಧ ದಂಡ. ದಾಂಡಿನವನ ಹಿಂದೆ ಬಾಲ್ ಹಿಡಿಯೋಕೆ ಕೂರಿಸಿದ್ರೆ ಐವತ್ತೈದು. ಆಳು ಅದೇ, ಕೂತ ಜಾಗ ಬೇರೆ. ಇನ್ನೊಂದು ಕೇಳು. ಈ ಅಂಕಿ ಇವನ ಹಣೇಲಿ ಬರೆದಿದ್ದಲ್ಲ. ಸ್ಕೌಟ್ ಅಂತ ಒಬ್ಬ ನೋಡ್ಕೊಂಡು ಬಂದು ಹೇಳಿದ್ದು. ಅವನು ಅರ್ಧ ನೋಡಿದ್ರೆ ಅಂಕಿನೂ ಅರ್ಧಂಬರ್ಧ. ನೀನು ಅವಳನ್ನ ಎಲ್ಲೆಲ್ಲಿ ನೋಡಿದೀಯ?"

"ಕಾಲರಲ್ಲಿ."

"ಬೇರೆ?"

"ಕಾಲರಲ್ಲಿ ಅಂದೆನಲ್ಲ!" ಚಾಕು ಮಣೆಗೆ ಬಡಿಯಿತು.

ಅವಳಿಗೆ ಸಿಟ್ಟು ಬಂದದ್ದು ಗಂಡನ ಮೇಲಲ್ಲ. ಮೇಲಿನವರು ಹಾಕುವ ಅಂಕದ ವಿರುದ್ಧ ಹದಿನೆಂಟು ವರ್ಷ ಗಂಟಲು ಹರಿದುಕೊಂಡವಳು, ತನ್ನ ಕೈಗೆ ಪೆನ್ನು ಬಂದಾಗ ಒಬ್ಬಳ ಅನ್ನವನ್ನು ಒಂದು ನಿಮಿಷದಲ್ಲಿ, ಅದೂ ಬೀನ್ಸ್ ಹೆಚ್ಚುತ್ತ ತೀರ್ಮಾನ ಮಾಡಿದ್ದಳು. ಕಾಗದ ಮಡಚಿ ಬ್ಯಾಗಿಗೆ ತುರುಕಿದಳು.

ಮಂಗಳವಾರ ಬೆಳಿಗ್ಗೆಯಿಂದ ಕಂಡಕ್ಟರಮ್ಮನ ಹಿಂದೆಯೇ ನಿಂತಳು. ಕಾಲರಿನ ವಿಷಯದಲ್ಲಿ ನಾಲ್ಕು ಸರಿಯಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಹೊಸ ಬಂಡಲ್ ಬಂತು. ಕತ್ತರಿಸಿದ ಬಟ್ಟೆ ಬಂಡಲ್ ಕಟ್ಟಿ ಬರುತ್ತದೆ. ಒಂದೇ ಥಾನಿನಿಂದ, ಅಂದರೆ ಒಂದೇ ಬಟ್ಟೆ ಸುರುಳಿಯಿಂದ, ಕತ್ತರಿಸಿದ ತೋಳು, ಬೆನ್ನು, ಕಾಲರ್ ಒಂದೇ ಶರ್ಟಿಗೆ ಸೇರಬೇಕು. ಅದಲುಬದಲಾದರೆ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಬಂದು, ಹೊಲಿದದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕು. ಬಂಡಲ್ ಹಂಚುವವಳು ಹೆರಿಗೆ ರಜೆಗೆ ಹೋದಮೇಲೆ ಕೈ ಖಾಲಿ ಇದ್ದವರು ಹಂಚುತ್ತಿದ್ದರು, ಬಿಚ್ಚಬೇಕಾದ ಶರ್ಟಿನ ಬುಟ್ಟಿ ದಿನಾ ತುಂಬುತ್ತಿತ್ತು.

ಕಂಡಕ್ಟರಮ್ಮ ಬಂಡಲನ್ನು ತಳ್ಳಿದಳು. "ಇದು ನನ್ನದಲ್ಲ, ಹನ್ನೆರಡನೇ ಟೇಬಲಿಂದು. ನನ್ನದು ಕಿಟಕಿ ಹತ್ರ ಕೂತ ಆ ಕನ್ನಡಕದವಳ ಕಾಲ ಕೆಳಗಿದೆ."

ಹೋಗಿ ನೋಡಿದರೆ ಅಲ್ಲೇ ಇತ್ತು.

"ನಿನಗೆ ಹೇಗೆ ಗೊತ್ತಾಯ್ತೇ?"

"ಅಕ್ಕ, ಅರವತ್ತು ಜನ ತುಂಬಿದ ಬಸ್ಸಲ್ಲಿ ಯಾರು ಎಲ್ಲಿ ಹತ್ತಿದ್ರು, ಎಲ್ಲಿ ಇಳೀಬೇಕು ಅಂತ ಹದಿನೈದು ವರ್ಷ ನೆನಪಿಟ್ಟೋಳು ನಾನು. ಇವು ಜಗಳ ಆಡಲ್ಲ, ಫುಟ್‌ಬೋರ್ಡಲ್ಲಿ ನೇತಾಡಲ್ಲ, ನಿದ್ದೆ ಹೊಡ್ದು ಸ್ಟಾಪ್ ದಾಟಿ ಹೋಗಲ್ಲ. ಇದೇನು ಮಹಾ?"

ಬುಧವಾರ ಕತ್ತರಿ ಅಕ್ಕ ಅವಳನ್ನು ಮೆಷಿನ್ನಿನಿಂದ ಎಬ್ಬಿಸಿ ಬಂಡಲ್ ಹಂಚಲು ಹಾಕಿದಳು. ದಿನಾ ನಲವತ್ತು ಶರ್ಟು ಬೀಳುತ್ತಿದ್ದ ಬುಟ್ಟಿಗೆ ಅವತ್ತು ಹನ್ನೊಂದು ಬಿದ್ದವು. ಗುರುವಾರ ಆರು.

ಶುಕ್ರವಾರ ಹೊಸ ಕಾಗದ ನೋಡಿ ಮ್ಯಾನೇಜರ್ ಕನ್ನಡಕ ತೆಗೆದ. "ನಲವತ್ತೊಂದು ವರ್ಷದವರಿಗೆ ಬೆಳೆಯುವ ಸಾಧ್ಯತೆ ಎಂಟಾ? ತಮಾಷೆ ಮಾಡ್ತಿದೀರೇನಮ್ಮಾ?"

"ಸೋಮವಾರ ನಾನೇ ಎರಡು ಹಾಕಿದ್ದೆ ಸಾರ್. ಆ ಕಾಗದನೂ ಬ್ಯಾಗಲ್ಲಿದೆ, ತೋರಿಸ್ತೀನಿ. ಕುರುಡಿ ಆಗಿದ್ದೋಳು ನಾನು. ಅನುಮಾನ ಇದ್ರೆ ಬಿಚ್ಚೋ ಬುಟ್ಟಿ ನೋಡ್ಕೊಂಡು ಬನ್ನಿ."

ಅವನು ಎದ್ದು ಹೋಗಿ ನೋಡಿಯೇ ನೋಡಿದ. ವಾಪಸ್ ಬಂದು ಕಂಡಕ್ಟರಮ್ಮನ ಹೆಸರಿನ ಮುಂದೆ ಸಹಿ ಹಾಕಿದ.

"ಉಳಿದ ಎಂಟು ಜನರನ್ನೂ ಎರಡೆರಡು ಕೆಲಸದಲ್ಲಿ ನೋಡ್ಬೇಕು ಸಾರ್. ಹದಿನೈದು ದಿನ ಕೊಡಿ."

"ಒಂದು ವಾರ."

"ಹತ್ತು ದಿನ."

"ಆಯ್ತು, ಹೋಗಿ ತಾಯಿ."

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಗಂಡನಿಗೆ ಸುದ್ದಿ ಹೇಳಿದಳು. "ದೊಡ್ಡ ಉಪಕಾರ ಆಯ್ತು ರೀ."

"ಆಟದಿಂದಲೋ, ನನ್ನಿಂದಲೋ?"

"ನಿಮ್ಮ ಕಾಲಿಂದ. ಅದು ಮುರೀದಿದ್ರೆ ನೀವೆಲ್ಲಿ ನನ್ನ ಮಾತಿಗೆ ಸಿಗ್ತಿದ್ರಿ?" ಎಂದು ಅವನ ಪಕ್ಕದಲ್ಲಿ ಕೂತು, ತಾನಾಗಿಯೇ ಅವನ ತಂಡದ ಸೋಲು ಗೆಲುವು ವಿಚಾರಿಸಿದಳು.

ಸೋಮವಾರ ಟೀ ಹೊತ್ತಿನಲ್ಲಿ ಕಂಡಕ್ಟರಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ನಿಮ್ಮಿಂದ ಉಳಿದೆ ಅಕ್ಕ. ಅಮ್ಮನಿಗೂ ಹೇಳಿದೆ, ಅತ್ತುಬಿಟ್ಳು."

ಆ ಕೃತಜ್ಞತೆಯನ್ನು ಸುಮ್ಮನೆ ಇಟ್ಟುಕೊಳ್ಳಬಹುದಿತ್ತು. ಕತ್ತರಿ ಅಕ್ಕನ ಜಾಯಮಾನಕ್ಕೆ ಅದು ಹೊಂದಲಿಲ್ಲ. ಬ್ಯಾಗಿನಿಂದ ಹಳೆಯ ಕಾಗದ ತೆಗೆದು ಬಿಚ್ಚಿ ತೋರಿಸಿದಳು. "ಮೊದಲು ನಿನಗೆ ಹಾಕಿದ್ದು ಇದು. ನಮ್ಮನೆ ಯಜಮಾನ್ರು ತಡೀದಿದ್ರೆ ಇದನ್ನೇ ಕೊಡ್ತಿದ್ದೆ. ನನಗೆ ಕೈ ಮುಗೀಬೇಡ."

ಕಂಡಕ್ಟರಮ್ಮ ನಾಲ್ಕನ್ನೂ ಎರಡನ್ನೂ ತುಂಬ ಹೊತ್ತು ನೋಡಿದಳು. ಟೀ ಆರಿ ಕೆನೆಗಟ್ಟಿತು.

"ಬಸ್ ಕಂಪನಿ ಮುಚ್ಚಿದ್ರಲ್ಲ ಅಕ್ಕ, ಅವತ್ತು ನೋಟೀಸು ಗೋಡೆಗೆ ಅಂಟಿಸಿ ಹೋದ್ರು. ಎದುರು ನಿಂತು ಹೀಗೆ ಅಂತ ಹೇಳೋರು ಒಬ್ರೂ ಇರ್ಲಿಲ್ಲ" ಎಂದಳು. ಕಾಗದವನ್ನು ಮಡಚಿ ಕತ್ತರಿ ಅಕ್ಕನ ಕೈಗೇ ಕೊಟ್ಟಳು. "ನೀವು ಹೇಳಿದ್ರಿ. ಕೈ ಮುಗಿಯೋದು ಅದಕ್ಕೆ. ಬೇಡ ಅನ್ನೋಕೆ ನೀವ್ಯಾರು?"

ಗಂಟೆ ಹೊಡೆಯಿತು. ಕಂಡಕ್ಟರಮ್ಮ ಆರಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿ ಲೈನಿಗೆ ನುಗ್ಗಿದಳು. "ಎಂಟನೇ ಟೇಬಲ್, ಎಡತೋಳು ಇಟ್ಕೊಂಡು ಕನಸು ಕಾಣ್ತಿದೀಯಾ? ಈಚೆ ಕೊಡೇ!"